ನಿದ್ದೆಯ ಹೂಂ

ಹೆಡ್‌ಫೋನಿನೊಳಗೆ ಅಜ್ಜಿ ಮತ್ತೊಮ್ಮೆ ಎಂಟನೆಯ ಬಾಗಿಲಿಗೆ ಬಂದು ನಿಂತಳು. "ಏಳು ಬಾಗ್ಲು ದಾಟಿ ಬಂದ್ಲು ಹುಡುಗಿ. ಎಂಟನೇ ಬಾಗ್ಲಲ್ಲಿ ಒಬ್ಬಳು ಮುದುಕಿ ಕೂತಿದ್ಲು. ತಲೇನೂ ಎತ್ತಲಿಲ್ಲ. ಯಾರೇ ನೀನು, ಅಂದ್ಲು." ಅಷ್ಟೇ. ಅಲ್ಲಿಗೆ ಧ್ವನಿಯ ತುಣುಕು ಮುಗಿದು, ಪರದೆಯ ಮೂಲೆಯಲ್ಲಿ ಒಂದು ಅಂಕ ಮೂಡಿ, ಹುಡುಗಿ ಪುನಃ ಮೊದಲನೆಯ ಬಾಗಿಲಿನ ಆಚೆಗೆ ಬಿದ್ದಳು. ಫೋನ್ ಕರೆಗಳನ್ನು ಪರೀಕ್ಷಿಸುವ ಲ್ಯಾಬಿನ ಈ ಮೂಲೆಯ ರೂಟರಿನಿಂದ ಆ ಮೂಲೆಯ ರೂಟರಿಗೆ, ಬಣ್ಣಬಣ್ಣದ ತಂತಿಗಳ ಸಿಕ್ಕಿನೊಳಗೆ, ಅಜ್ಜಿಯ ಧ್ವನಿ ಚೂರುಚೂರಾಗಿ ಹೋಗಿ ಆ ತುದಿಯಲ್ಲಿ ಮತ್ತೆ ಅಜ್ಜಿಯಾಗಿ ಕೂಡಿಕೊಳ್ಳುತ್ತಿತ್ತು. ಹೊರಟ ಧ್ವನಿಯನ್ನೂ ತಲುಪಿದ ಧ್ವನಿಯನ್ನೂ ಅಕ್ಕಪಕ್ಕ ಇಟ್ಟು, ಎಷ್ಟು ಉಳಿಯಿತು ಎಷ್ಟು ಸೋರಿತು ಎಂದು ಐದಕ್ಕೆ ಅಂಕ ಕೊಡುವುದು ಯಂತ್ರದ ಕೆಲಸ. ಸೋರಿದ್ದು ಎಲ್ಲಿ ಎಂದು ಹುಡುಕುವುದು ಹೆಡ್‌ಫೋನು ಹಾಕಿ ಕೂತ ಮೊಮ್ಮಗಳ ಕೆಲಸ.

"ಅಜ್ಜಿ ಎಷ್ಟು?" ಎದುರು ಮೇಜಿನಿಂದ ಸಂತೆಯವನು ಕೇಳಿದ.

"ನಾಲ್ಕರ ಮೇಲಿದಾಳೆ."

"ಗಟ್ಟಿ ಜೀವ. ಸಂತೆ ಬಿಡ್ಲಾ?"

"ಹೂಂ."

ಸಂತೆಯವನೆಂಬ ಹೆಸರು ಅವನಿಗೆ ಬಿದ್ದದ್ದು ಕೆಲಸದಿಂದ. ತಂತಿಗಳ ಮೇಲೆ ಸುಳ್ಳು ಜನಜಂಗುಳಿ ಎಬ್ಬಿಸುವುದು ಅವನ ಪಾಲು. ಯಾರೂ ನೋಡದ ಸಿನಿಮಾಗಳು, ಯಾರೂ ತೆರೆಯದ ಚಿತ್ರಗಳು, ಯಾರಿಗೂ ಸೇರಬೇಕಿಲ್ಲದ ಕಡತಗಳು, ಎಲ್ಲವನ್ನೂ ಒಟ್ಟಿಗೆ ದಾರಿಗೆ ಅಟ್ಟಿ ದಾರಿ ಕಿಕ್ಕಿರಿಯುವಂತೆ ಮಾಡುತ್ತಿದ್ದ. ಆ ನೂಕುನುಗ್ಗಲಿನೊಳಗೆ ಅವಳು ಅಜ್ಜಿಯನ್ನು ಕೈಬಿಟ್ಟು ಕಳಿಸಿ, ಆ ತುದಿಯಲ್ಲಿ ಕಿವಿ ತೆರೆದು ಕಾಯಬೇಕು. ಅವರು ಪ್ಯಾಕೆಟ್ ಎನ್ನುವ ಪ್ರತಿ ಚೂರಿನ ಹಣೆಯ ಮೇಲೂ ಒಂದು ಗುರುತಿರುತ್ತದೆ. ಒಳಗೆ ಏನಿದೆ, ಯಾರ ನಗು, ಯಾರ ಅಳು ಎಂದು ರೂಟರು ನೋಡುವುದಿಲ್ಲ, ಹಣೆಯನ್ನಷ್ಟೇ ನೋಡುತ್ತದೆ. ಗುರುತಿದ್ದವರು ಮುಂದಿನ ಸಾಲಿಗೆ, ಇಲ್ಲದವರು ಹಿಂದಿನ ಸಾಲಿಗೆ. ಜಾಗ ಸಾಲದೆ ಬಂದಾಗ ಹಿಂದಿನ ಸಾಲಿನ ಬಾಲವನ್ನು ಕತ್ತರಿಸಿ ಎಸೆದುಬಿಡುವುದು. ಅವಳು ಹೊಸತಾಗಿ ಸೇರಿದ್ದಾಗ ಸಂತೆಯವನು ಇದನ್ನೆಲ್ಲ ವಿವರಿಸಿ, "ನಮ್ಮ ಹಿರಿಯರು ಹಣೆಬರಹ ಅಂತ ಸುಮ್ನೆ ಅಂದಿಲ್ಲ ಮೇಡಂ, ನೆಟ್‌ವರ್ಕ್ ಓದ್ಕೊಂಡೇ ಅಂದಿರೋದು" ಎಂದು ತಾನೇ ನಕ್ಕಿದ್ದ. ಅವಳಿಗೆ ನಗು ಬಂದಿರಲಿಲ್ಲ. ಅಜ್ಜಿಯ ಕಥೆಗಳಲ್ಲಿಯೂ ಹೀಗೇ ಅಲ್ಲವೇ, ಬಾಗಿಲಲ್ಲಿ ನಿಂತವನು ರಾಜಕುಮಾರಿಯ ಮುಖ ನೋಡುತ್ತಿರಲಿಲ್ಲ, ಬೆರಳಿನ ಉಂಗುರ ನೋಡುತ್ತಿದ್ದ. ಉಂಗುರ ಕೊಳಕ್ಕೆ ಬಿದ್ದ ದಿನ ಅವಳು ಯಾರ ಮಗಳೂ ಅಲ್ಲ.

ಸಂತೆ ಏರತೊಡಗಿತು. ಪರದೆಯ ಮೇಲೆ ಹಸಿರು ಗೆರೆ ಬೆಟ್ಟವಾಗಿ, ಬೆಟ್ಟ ಗೋಡೆಯಾಗಿ ನಿಂತಿತು. ಏಳು ಬಾ— ಬಾಗ್ಲು— ಎಂಟನೇ ಬಾಗ್ಲ್ಲ್ಲ್— ಕಳೆದುಹೋದ ಚೂರಿನ ಜಾಗಕ್ಕೆ ಯಂತ್ರ ಹಿಂದಿನ ಚೂರನ್ನೇ ಎಳೆದೆಳೆದು ಹಚ್ಚುತ್ತಿತ್ತು. ಅಜ್ಜಿ ಒಂದು ಕ್ಷಣ ತೊದಲಿದಳು, ಒಂದು ಕ್ಷಣ ಬಾವಿಯ ತಳದಿಂದ ಮಾತಾಡಿದಳು, ಆಮೇಲೆ ಅರ್ಧ ಅಕ್ಷರದಲ್ಲೇ ನಿಂತುಹೋದಳು. ಸಂತೆಯವನು ಕುರ್ಚಿಯಲ್ಲಿ ಹಿಂದಕ್ಕೊರಗಿ ಎರಡೂ ಕೈ ಎತ್ತಿದ.

"ಅಜ್ಜಿ ಹೋದ್ಲು!"

ಇಡೀ ಕೋಣೆ ನಕ್ಕಿತು. ಇದು ಅವರೆಲ್ಲರ ಹಳೆಯ ಮಾತು, ಅವಳೂ ಎಷ್ಟೋ ಸಲ ಕೂಗಿದ ಮಾತು. ಕಂಪನಿ ಕೊಟ್ಟಿದ್ದ ಮಾದರಿ ಧ್ವನಿಗಳಲ್ಲಿ ಯಾರೋ ಒಬ್ಬಾಕೆ ಗಂಜಿ ಹಾಕಿ ಇಸ್ತ್ರಿ ಮಾಡಿದಂಥ ವಾಕ್ಯಗಳನ್ನು ಓದುತ್ತಿದ್ದಳು. ಏರಿಳಿತವಿರುವ ಮಾತು ಬೇಕು, ಉಸಿರಿರುವ ಮಾತು ಬೇಕು ಎಂದು ಯಜಮಾನರು ಅಂದಾಗ ಅವಳು ಉತ್ಸಾಹದಿಂದ ತನ್ನ ಫೋನಿನಲ್ಲಿದ್ದ ಅಜ್ಜಿಯನ್ನು ತೆಗೆದುಕೊಟ್ಟಿದ್ದಳು. ಎಲ್ಲರೂ ಭೇಷ್ ಅಂದಿದ್ದರು. ಅಜ್ಜಿಯನ್ನು ಮಾತ್ರ ಯಾರೂ ಕೇಳಿರಲಿಲ್ಲ. ಈಗ ಎಲ್ಲರ ನಗುವಿನ ಜೊತೆ ತನ್ನದೂ ಸೇರಬೇಕೆಂದು ತಿಳಿದು ಅವಳು ತುಟಿ ಅಗಲಿಸಿದಳು. ಆ ನಗು ತಡವಾಗಿ ಬಂತು. ಬರುವಷ್ಟರಲ್ಲಿ ಉಳಿದವರು ನಕ್ಕು ಮುಗಿಸಿದ್ದರು. ಧ್ವನಿಯ ವಿಷಯದಲ್ಲಿ ಯಂತ್ರದ ನಿಯಮವೂ ಅದೇ. ಕಡತವಾದರೆ ಕಳೆದ ಚೂರನ್ನು ಮತ್ತೆ ಕೇಳಿ ತರಿಸಿಕೊಳ್ಳಬಹುದು, ಮಾತನ್ನು ಹಾಗೆ ತರಿಸುವುದಿಲ್ಲ. ತಡವಾಗಿ ಬಂದ ಮಾತು ಬಾಗಿಲವರೆಗೆ ಬಂದರೂ ಒಳಗೆ ಬಿಟ್ಟುಕೊಳ್ಳದೆ ಚೆಲ್ಲಿಬಿಡುತ್ತಾರೆ.

ಬೆಳಿಗ್ಗೆ ಮೆಟ್ಟಿಲ ಮೇಲೆ ನಿಂತಿದ್ದಾಗ ಅತ್ತೆಯ ಫೋನು ಬಂದಿತ್ತು. ಅಪ್ಪನ ಅಕ್ಕ, ಅಜ್ಜಿಯನ್ನು ನೋಡಿಕೊಳ್ಳುವವಳು ಅವಳೇ. ಅತ್ತೆ ಎಂದೂ ಪೀಠಿಕೆ ಹಾಕುವವಳಲ್ಲ.

"ನಿಮ್ಮಜ್ಜಿ ಆಪರೇಷನ್ ಬೇಡ ಅಂತ ಹಟ ಹಿಡಿದು ಕೂತಿದಾಳೆ. ಯಾಕಮ್ಮಾ ಅಂದ್ರೆ, ಪುಟ್ಟಿ ಹೂಂ ಅಂದಿದಾಳೆ, ಅವಳ ಮಾತೇ ಮಾತು ಅಂತಾಳೆ. ಹೂಂ ಅಂದ್ಯೇನೇ ನೀನು?"

"ಹೂಂ…"

"ಅಂದ್ಯಾ! ನಾಚಿಕೆ ಆಗಲ್ವಾ ನಿಂಗೆ?"

ಆ 'ಹೂಂ' ಅತ್ತೆ ತಿಳಿದ 'ಹೂಂ' ಆಗಿರಲಿಲ್ಲ. ಹೇಳಿ, ಕೇಳಿಸಿಕೊಳ್ಳುತ್ತಿದ್ದೇನೆ ಎಂಬುದಷ್ಟೇ ಅದರ ಅರ್ಥ. ಆದರೆ ಅದನ್ನು ಬಿಡಿಸಿ ಹೇಳುವ ಮೊದಲೇ ಅತ್ತೆಯ ಮಾತು ಮುಂದೆ ಹೋಗಿತ್ತು. ಗಂಟಲಿನ ಗಡ್ಡೆ ಒಳಗೆ ಬೇರು ಬಿಟ್ಟಿದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಜೀವ ಉಳಿಯುತ್ತದೆ, ಮಾತು ಹೋಗುತ್ತದೆ. ಇದೆಲ್ಲ ಅವಳಿಗೆ ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಕೊನೆಯಲ್ಲಿತ್ತು. "ಇವತ್ತು ಸಂಜೆ ಡಾಕ್ಟ್ರು ರೌಂಡ್ಸಿಗೆ ಬಂದಾಗ ಹೌದೋ ಅಲ್ವೋ ಹೇಳ್ಬೇಕಂತೆ. ಹೇಳ್ಲಿಲ್ಲ ಅಂದ್ರೆ ನಾಳಿನ ಜಾಗ ಬೇರೆಯವರಿಗೆ. ಆಮೇಲೆ ಗಡ್ಡೆ ನಮಗೋಸ್ಕರ ಕಾದ್ಕೊಂಡು ಕೂತಿರುತ್ತೇನೇ? ನಾನು ಹೇಳಿದ್ರೆ ಕಿವಿಗೆ ಹಾಕ್ಕೊಳಲ್ಲ. ಮಗಳ ಮಾತು ಮೂರು ಕಾಸು, ಮೊಮ್ಮಗಳ ಮಾತು ಮುತ್ತು. ನೀನೇ ಹೂಂ ಅಂದಿದೀಯಾ, ನೀನೇ ಸರಿಮಾಡು."

ಅಂದಿದ್ದೇನೆಯೇ? ಯಾವಾಗ? ಅವಳು ಹೆಡ್‌ಫೋನನ್ನು ಕೊರಳಿಗೆ ಇಳಿಸಿಕೊಂಡು ಮೊನ್ನೆಯ ಕರೆಯನ್ನು ನೆನಪಿನಲ್ಲಿ ತಡಕಿದಳು. ಮೊನ್ನೆಯೂ ಇದೇ ಕುರ್ಚಿ. ಒಂದು ಕಿವಿಯಲ್ಲಿ ಈ ಅಜ್ಜಿ, ಹಳೆಯ ಅಜ್ಜಿ, ಗಂಟೆಯಂಥ ಧ್ವನಿಯವಳು; ಇನ್ನೊಂದು ಕಿವಿಯಲ್ಲಿ ಆಸ್ಪತ್ರೆಯ ಅಜ್ಜಿ, ಒಣ ಎಲೆಯನ್ನು ಕಾಲಿನಿಂದ ಸರಿಸಿದಂಥ ಧ್ವನಿ. ಕಣ್ಣು ಪರದೆಯ ಗೆರೆಯ ಮೇಲೆ, ಬೆರಳು ಕೀಲಿಗಳ ಮೇಲೆ. ಪಕ್ಕದ ಮಂಚದವಳ ಗೊರಕೆಯ ಬಗ್ಗೆ ಏನೋ. ಗಂಜಿಗೆ ಉಪ್ಪಿಲ್ಲದ್ದರ ಬಗ್ಗೆ ಏನೋ. ಆಮೇಲೆ? ಆಮೇಲೆ ಮಾತಿರಲಿಲ್ಲ, ಮಾತಿನ ಏರಿಳಿತವಿತ್ತು. ಅಜ್ಜಿಯ ವಾಕ್ಯ ಎಲ್ಲಿ ಇಳಿದು ನಿಲ್ಲುತ್ತದೆ ಎಂದು ಅವಳ ಮೈಗೇ ಗೊತ್ತು. ನಿಂತಲ್ಲೆಲ್ಲ ಒಂದು ಹೂಂ. ಅರ್ಥ ಬೇಕಿಲ್ಲ, ಇಳುಕಲು ಸಾಕು. ಫೋನುಗಳ ಒಳಗೂ ಅಂಥದೊಂದು ಏರ್ಪಾಡಿದೆ. ಯಾರೂ ಮಾತಾಡದಿದ್ದಾಗ ಮೌನವನ್ನು ಹೊತ್ತು ಸಾಗಿಸುವುದು ದಂಡ ಎಂದು ಯಂತ್ರ ಕಳಿಸುವುದನ್ನೇ ನಿಲ್ಲಿಸುತ್ತದೆ. ಆದರೆ ಆ ಕಡೆಯವರಿಗೆ ಪೂರಾ ನಿಶ್ಶಬ್ದ ಕೇಳಿಸಿದರೆ ಕರೆ ಸತ್ತಿತೆಂದು ಹೆದರಿ ಇಟ್ಟುಬಿಡುತ್ತಾರಲ್ಲ, ಅದಕ್ಕೆ ಅವರ ಫೋನೇ ತನ್ನೊಳಗೆ ಒಂದು ಮೆಲ್ಲನೆಯ ಸುಯ್ಲನ್ನು ಹುಟ್ಟಿಸಿ ಕೇಳಿಸುತ್ತದೆ. ಅದಕ್ಕೆ ಈ ಕಸುಬಿನವರು ಇಟ್ಟ ಹೆಸರು ಸಮಾಧಾನದ ಸದ್ದು. ಅದು ಯಾರ ಉಸಿರೂ ಅಲ್ಲ. ಇದ್ದಾರೆ ಎಂದು ಅನ್ನಿಸಿದರೆ ಸಾಕು, ಇರಬೇಕಾಗಿಲ್ಲ.

ಹೂಂ ಅನ್ನುವುದನ್ನು ಕಲಿಸಿದವಳು ಅಜ್ಜಿಯೇ. ಹಾಸಿಗೆಯ ಒಂದು ಅಂಚಿಗೆ ಅಜ್ಜಿ, ಗೋಡೆಯ ಕಡೆಗೆ ಅವಳು, ನಡುವೆ ಸಾಬೂನಿನ ವಾಸನೆಯ ಹೊದಿಕೆ. ಬೆನ್ನ ಮೇಲೆ ಅಜ್ಜಿಯ ಅಂಗೈ, ಅದರ ಒರಟು, ಅದರ ಬಿಸಿ. "ಹೂಂ ಅನ್ಬೇಕು. ಹೂಂ ಅನ್ನದಿದ್ರೆ ಕಥೆ ಅಲ್ಲೇ ನಿಂತ್ಬಿಡುತ್ತೆ. ಕುದುರೆ ಎತ್ತಿದ ಕಾಲು ಎತ್ತಿದಂಗೇ ಇರುತ್ತೆ, ಪಾಪ." ಕುದುರೆಯ ಮೇಲಿನ ಮರುಕದಿಂದ ಅವಳು ಹೂಂ ಅನ್ನುತ್ತಿದ್ದಳು. ಕತ್ತಲಲ್ಲಿ ಎಲ್ಲೋ ಒಂದು ಕಾಲು ನೆಲಕ್ಕೆ ತಾಗುತ್ತಿತ್ತು, ಇನ್ನೊಂದು ಏಳುತ್ತಿತ್ತು. ಲೋಕವೆಲ್ಲ ತನ್ನ ಒಂದು ಹೂಂಗೆ ಕಾದು ನಿಂತಿದೆ ಎನ್ನುವುದು ಎಷ್ಟು ದೊಡ್ಡ ಜವಾಬ್ದಾರಿ. ಕಣ್ಣು ಮುಚ್ಚಿಹೋಗುತ್ತಿದ್ದರೂ ಬಾಯಿ ಕಾವಲು ಕಾಯುತ್ತಿತ್ತು. ಎಂಟನೆಯ ಬಾಗಿಲ ಮುದುಕಿ ಕೇಳಿದ ಪ್ರಶ್ನೆಗೆ ಆ ಹುಡುಗಿ ಏನು ಹೇಳಿದಳೆಂಬುದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಅಷ್ಟರಲ್ಲಿ ನಿದ್ದೆ ಬಂದಿರುತ್ತಿತ್ತು. ಆಮೇಲೆ, ದೊಡ್ಡವಳಾದ ಮೇಲೆ, ಒಂದು ಮಧ್ಯಾಹ್ನ ಅಜ್ಜಿಯನ್ನು ಕೂರಿಸಿ ಕಥೆ ಹೇಳಿಸಿ ಫೋನಿನಲ್ಲಿ ಹಿಡಿದಾಗಲೂ, ಅಲ್ಲಿಗೆ ಬರುವಾಗ ಯಾರೋ ಬಾಗಿಲು ಬಡಿದು ಅಜ್ಜಿ ಎದ್ದು ಹೋಗಿದ್ದಳು.

"ಮೇಡಂ, ಯಜಮಾನ್ರು ಕರೀತಿದಾರೆ," ಎಂದ ಸಂತೆಯವನು. ತುಸು ತಡೆದು, "ಹುಷಾರಿಲ್ವಾ? ಮುಖ ಯಾಕೋ ಪ್ಯಾಕೆಟ್ ಕಳಕೊಂಡಂಗಿದೆ," ಎಂದ. ಅವಳು ಹೆಡ್‌ಫೋನು ಮೇಜಿನ ಮೇಲಿಟ್ಟು ಎದ್ದಳು.

ಯಜಮಾನರ ಗಾಜಿನ ಕೋಣೆಯಲ್ಲಿ ಮಾತು ಹೊರಗೆ ಕೇಳಿಸುವುದಿಲ್ಲ, ಆದರೆ ಮುಖ ಕಾಣಿಸುತ್ತದೆ. ಆದ್ದರಿಂದ ಅಲ್ಲಿ ಬೈಸಿಕೊಳ್ಳುವವರೆಲ್ಲ ನಗುಮುಖ ಮಾಡಿಕೊಂಡೇ ಬೈಸಿಕೊಳ್ಳುತ್ತಾರೆ. ಈ ಸಲದ ಕೆಲಸ ಒಂದು ಆಸ್ಪತ್ರೆಯದು. ಅಜ್ಜಿ ಇರುವ ಆಸ್ಪತ್ರೆ ಅಲ್ಲ, ಇನ್ನೂ ಕಟ್ಟಡ ಏಳುತ್ತಿರುವ ಬೇರೆಯದು. ವೈದ್ಯರ ಫೋನು, ಸ್ಕ್ಯಾನಿನ ಚಿತ್ರ, ಕಚೇರಿಯ ಲೆಕ್ಕ, ರೋಗಿಗಳ ಮಂಚದ ಪಕ್ಕದ ಫೋನು, ನೋಡಲು ಬಂದವರ ಹಾಡು-ಸಿನಿಮಾ, ಎಲ್ಲಕ್ಕೂ ಒಂದೇ ದಾರಿ. ಅವಳ ವರದಿಯನ್ನು ಯಜಮಾನರು ಬೆರಳಿನಿಂದ ಒತ್ತಿ ಹಿಡಿದಿದ್ದರು.

"ಮಂಚದ ಫೋನು ಫೇಲ್ ಅಂತ ಬರ್ದಿದೀರಿ."

"ಸಂತೆ ಬಿಟ್ಟಾಗ ಧ್ವನಿ ನಿಲ್ಲಲ್ಲ ಸಾರ್. ಒಡೆದುಹೋಗುತ್ತೆ."

"ಒಡೀಲೇಬೇಕಲ್ಲಮ್ಮ. ಅದು ಹಿಂದಿನ ಸಾಲು. ವೈದ್ಯರ ಕರೆ ಮುಂದೆ ಹೋಗ್ಲಿ ಅಂತಾನೇ ಅದನ್ನ ಹಿಂದೆ ನಿಲ್ಸಿರೋದು. ಎಲ್ರನ್ನೂ ಮುಂದಿನ ಸಾಲಲ್ಲಿ ನಿಲ್ಸಿದ್ರೆ ಅದು ಸಾಲು ಹ್ಯಾಗಾಗುತ್ತೆ, ಸಂತೆಯಾಗುತ್ತೆ. ಹೇಳಿದ ಹಾಗೆ ಒಡೆದಿದೆ ಅಂದ್ರೆ ಪಾಸು."

ಅವರು ಹೇಳಿದ್ದು ತಪ್ಪೇನಲ್ಲ. ಹೃದಯ ನಿಂತವನ ಬಳಿಗೆ ಓಡಬೇಕಾದ ವೈದ್ಯನ ಫೋನಿಗೂ, ಗಂಜಿಗೆ ಉಪ್ಪಿಲ್ಲ ಎನ್ನುವ ಮುದುಕಿಯ ಫೋನಿಗೂ ಒಂದೇ ಸಾಲು ಎಂದರೆ ಯಾರು ಒಪ್ಪುತ್ತಾರೆ? ಅವಳು ಕೂಡ ಅದನ್ನೇ ಮಾಡಿದ್ದಲ್ಲವೇ? ಅಜ್ಜಿಯ ಹಣೆಗೆ ಗುರುತು ಹಚ್ಚದೆ ಹಿಂದೆ ನಿಲ್ಲಿಸಿ, ಜಾಗ ಉಳಿದಾಗ ಕೇಳಿಸಿಕೊಂಡು, ಉಳಿಯದಾಗ ಬಾಲ ಕತ್ತರಿಸಿದ್ದಳು. ಹೇಳಿದ ಹಾಗೆ ಒಡೆದಿತ್ತು. ಪಾಸು. ಗಾಜಿನ ಆಚೆ ಸಂತೆಯವನು ಯಾರಿಗೋ ಏನೋ ಹೇಳಿ ನಗುತ್ತಿದ್ದ, ಬಾಯಿ ಮಾತ್ರ ಆಡುತ್ತಿತ್ತು. ಯಜಮಾನರು ಇನ್ನೂ ಏನೋ ಹೇಳುತ್ತಿದ್ದರು. ವಾಕ್ಯ ಇಳಿದು ನಿಂತಿತು.

"ಹೂಂ," ಎಂದಳು ಅವಳು.

ಯಜಮಾನರು ಕನ್ನಡಕ ತೆಗೆದರು. "ನಿಮ್ಮನ್ನ ಬಹಳ ದಿನದಿಂದ ಒಂದು ಮಾತು ಕೇಳ್ಬೇಕು ಅಂತಿದ್ದೆ. ಈ ಹೂಂ ಅಂತೀರಲ್ಲ, ಒಪ್ಪಿದೀನಿ ಅಂತಲೋ, ಕೇಳಿಸ್ತು ಅಂತಲೋ?"

ಅವರು ಹಂಗಿಸಲು ಕೇಳಿದ್ದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದು. ಅದರಿಂದಲೇ ಅವಳ ಕಿವಿ ಬಿಸಿಯಾಯಿತು. ಮೂರನೆಯದೂ ಒಂದಿದೆ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಒಪ್ಪಿಯೂ ಇಲ್ಲ, ಕೇಳಿಸಿಯೂ ಇಲ್ಲ, ಸುಮ್ಮನೆ ಕುದುರೆಯ ಕಾಲು ನೆಲ ಮುಟ್ಟಲಿ ಎಂದು ಅಂದದ್ದು.

"ಕೇಳಿಸ್ತು ಅಂತ ಸಾರ್."

"ಹಾಗಾದ್ರೆ ಒಪ್ಪಿಗೇನ ಬೇರೆ ಹೇಳಿ. ಫೇಲ್ ತೆಗ್ದು ಪಾಸ್ ಮಾಡಿ. ಒಡೆಯುತ್ತೆ ಅಂತ ಕೆಳಗೆ ಒಂದು ಸಾಲು ಬೇಕಾದ್ರೆ ಬರೀರಿ, ನಾನೇನೂ ಬೇಡ ಅನ್ನಲ್ಲ."

ಅವಳು ತನ್ನ ಕುರ್ಚಿಗೆ ಹಿಂತಿರುಗಲಿಲ್ಲ. ಹಳೆಯ ರೂಟರುಗಳನ್ನು ಪೇರಿಸಿಟ್ಟ ಪುಟ್ಟ ಕೋಣೆಯೊಂದಿತ್ತು. ದೀಪಗಳೆಲ್ಲ ಆರಿದ ಆ ಪೆಟ್ಟಿಗೆಗಳ ನಡುವೆ, ಕೇಬಲ್ಲಿನ ಸುರುಳಿಯೊಂದರ ಮೇಲೆ ಕೂತಳು. ಮೇಲಿನ ಗವಾಕ್ಷಿಯಿಂದ ಇಳಿಬಿಸಿಲು ಬಂದು ಧೂಳನ್ನು ತೂಗುತ್ತಿತ್ತು. ಡಾಕ್ಟರು ಬರುವ ಹೊತ್ತು ಹತ್ತಿರವಾಗಿತ್ತು. ಫೋನು ಕೈಯಲ್ಲಿತ್ತು, ಬೆರಳು ಮಾತ್ರ ಆಡಲಿಲ್ಲ. ಹೇಳಬೇಕಾದದ್ದು ಒಂದೇ ಮಾತು: ಅಜ್ಜಿ, ನಾನು ಕೇಳಿಸಿಕೊಳ್ಳದೆ ಹೂಂ ಅಂದೆ. ಅದನ್ನು ಹೇಳಲು ಆಗುವ ನಾಚಿಕೆ ಒಂದು ಕಡೆ ಇರಲಿ. ಅದರ ಹಿಂದೆ ಇನ್ನೊಂದು ನಿಂತಿತ್ತು, ಅದರ ಮುಖವನ್ನು ಅವಳು ಬೆಳಗಿನಿಂದ ನೋಡದೆ ತಪ್ಪಿಸಿಕೊಂಡಿದ್ದಳು. ಕೇಳಿಸಿಕೊಂಡಿದ್ದರೆ ಏನನ್ನುತ್ತಿದ್ದೆ? ಧ್ವನಿ ಇಲ್ಲದ ಅಜ್ಜಿಯನ್ನು ಊಹಿಸಿಕೊಂಡಾಗ ಅವಳಿಗೆ ಅಜ್ಜಿಯೇ ಕಾಣುತ್ತಿರಲಿಲ್ಲ. ಒಂದು ಸೀರೆ, ಒಂದು ಕುರ್ಚಿ, ಬಿಳಿ ಕೂದಲು. ತನಗೆ ಬೇಕಾದದ್ದು ಅಜ್ಜಿಯೋ ಅಜ್ಜಿಯ ಕಥೆಯೋ? ಎಚ್ಚರವಿದ್ದರೂ ಹೂಂ ಅಂದುಬಿಡುತ್ತಿದ್ದೆನೇನೋ, ಬಾಯಿಯಿಂದಲ್ಲದಿದ್ದರೆ ಒಳಗಿನಿಂದ. ಈ ಯೋಚನೆ ಬಂದದ್ದೇ ಅವಳು ತನ್ನನ್ನು ತಾನೇ ತಳ್ಳುವವಳಂತೆ ಗುಂಡಿ ಒತ್ತಿದಳು.

ಅತ್ತೆ ಎತ್ತಿದಳು. "ಬಂದ್ಯಾ ಪುಣ್ಯಾತ್ಗಿತ್ತಿ! ತಗೋ, ಕೊಡ್ತೀನಿ. ನೆಟ್ಟಗೆ ಮಾತಾಡು." ಅತ್ತೆಯ ಫೋನಿನ ಕರೆಗಳೆಲ್ಲ ಆಸ್ಪತ್ರೆಯ ವೈಫೈ ಮೇಲೆಯೇ ಬರುತ್ತವೆ ಎಂದು ಅವಳಿಗೆ ಗೊತ್ತಿತ್ತು. ಅಲ್ಲಿಯೂ ಅಜ್ಜಿ ಹಿಂದಿನ ಸಾಲಿನಲ್ಲೇ, ಯಾರೋ ಸಂಬಂಧಿಕರ ಸಿನಿಮಾದ ಪಕ್ಕದಲ್ಲಿ, ಯಾರ ಮಗುವಿನದೋ ಕಾರ್ಟೂನಿನ ಹಿಂದೆ.

"ಪು… ಟ್ಟಿ," ಎಂದಿತು ಒಣ ಎಲೆ.

"ಅಜ್ಜಿ, ಮೊನ್ನೆ ನಾನು ಹೂಂ ಅಂದಿದ್ದು ನಿಜ. ಆದ್ರೆ ನೀನು ಏನು ಕೇಳ್ದೆ ಅಂತ ನಂಗೆ ಗೊತ್ತೇ ಇಲ್ಲ. ನಾನು ಕೇಳಿಸ್ಕೊಳ್ತಾನೇ ಇರ್ಲಿಲ್ಲ. ಕೆಲಸ ಮಾಡ್ತಿದ್ದೆ." ಒಂದೇ ಉಸಿರಿಗೆ ಅಂದು, ಬೈಗುಳಕ್ಕೆ ಬೆನ್ನು ಕೊಟ್ಟವಳಂತೆ ಕೂತಳು.

"ಗೊತ್ತು ಕಣೇ."

"ಏನ್ ಗೊತ್ತು?"

"ನಿನ್ನ ನಿದ್ದೆ ಹೂಂ ನಂಗೆ ಗೊತ್ತಿಲ್ವೇನೇ? ನಿಂಗೆ ಹಾಲುಹಲ್ಲು ಇದ್ದಾಗಿಂದ ಕೇಳಿದೀನಿ." ಅಜ್ಜಿ ಉಸಿರು ಎಳೆದುಕೊಂಡಳು. ಒಂದೊಂದು ಮಾತಿಗೂ ಮೆಟ್ಟಿಲು ಹತ್ತುವವಳ ಹಾಗೆ ನಿಲ್ಲುತ್ತಿದ್ದಳು. "ಎಚ್ಚರದ ಹೂಂ ಬಾಲ ಎತ್ತುತ್ತೆ, ಆಮೇಲೆ ಏನಾಯ್ತು ಅಂತ. ನಿದ್ದೆ ಹೂಂ ಬಾಲ ಮಡಚ್ಕೊಂಡು ಮಲಗುತ್ತೆ. ಆ ಎಂಟನೇ ಬಾಗ್ಲಿಗೆ ಬರೋಷ್ಟ್ರಲ್ಲಿ ನೀನು ಮಲಗಿರ್ತಿದ್ದೆ. ಬಾಯಿ ಮಾತ್ರ ಹೂಂ, ಹೂಂ."

"ಹಾಗಾದ್ರೆ ಮುಂದಿನ ಕಥೆ ಯಾರಿಗೆ ಹೇಳ್ತಿದ್ದೆ?"

"ಮುಂದೆ ಕಥೆ ಎಲ್ಲಿತ್ತೇ? ನಾನು ಕಟ್ಲೇ ಇಲ್ಲ. ಅಲ್ಲಿಂದ ಮುಂದೆ ನನ್ನದೇ ಹೇಳ್ಕೋತಿದ್ದೆ. ನಿಮ್ಮ ತಾತ ಅಂದಿದ್ದು, ಆಡಿದ್ದು. ನಿಮ್ಮತ್ತೆಗಿಂತ ಮೊದ್ಲು ಒಂದು ಹುಟ್ಟಿ ಹೋಯ್ತಲ್ಲ, ಅದರ ಕಿವಿ ಹೇಗಿತ್ತು ಅಂತ. ಎಚ್ಚರ ಇದ್ದೋರಿಗೆ ಹೇಳೋಕಾಗುತ್ತಾ ಅದೆಲ್ಲ? ಎಚ್ಚರ ಇದ್ದೋರು ಬುದ್ಧಿ ಹೇಳ್ತಾರೆ. ನಿದ್ದೆ ಮಾಡೋರು ಹೂಂ ಅಂತಾರೆ."

ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಬೆನ್ನ ಮೇಲೆ ಆ ಅಂಗೈ ಮತ್ತೆ ಬಂದು ಕೂತಂತಾಯಿತು. ಕತ್ತಲು, ಸಾಬೂನಿನ ವಾಸನೆ, ತಾನು ಎಂದೂ ಕೇಳಿಸಿಕೊಳ್ಳದೆ ಇಡೀ ಬಾಲ್ಯ ಒಪ್ಪಿಕೊಂಡು ಬಂದ ಒಂದು ದುಃಖ. ಆ ಕಿವಿ ಹೇಗಿತ್ತು? ಅದನ್ನು ಎಷ್ಟು ಸಲ ಹೇಳಿದ್ದಳು, ಎಷ್ಟು ಸಲ ತಾನು ಹೂಂ ಅಂದಿದ್ದೆ. ಎಲ್ಲವೂ ತಲುಪಿತ್ತು, ಒಂದೂ ಒಳಗೆ ಬಂದಿರಲಿಲ್ಲ.

"ಮೊನ್ನೆ ಫೋನಲ್ಲಿ ಟಕಟಕ ಅಂತ ಒತ್ತೋ ಸದ್ದು ಕೇಳ್ತಿತ್ತು. ಇವಳು ಮಲಗಿದಾಳೆ, ಇದೇ ಸಮಯ ಅಂತ ಕೇಳ್ಬಿಟ್ಟೆ. ಡಾಕ್ಟ್ರಿಗೆ ಬೇಡ ಅಂದ್ಬಿಡ್ಲಾ ಅಂತ." ಅಜ್ಜಿ ನಗಲು ಹೋಗಿ ಕೆಮ್ಮಿದಳು. "ಯಾರಾದ್ರೂ ಒಬ್ರು ಹೂಂ ಅನ್ಬೇಕಿತ್ತು ಕಣೇ. ಒಬ್ಳೇ ಅಂದ್ಕೊಳೋಕೆ ಧೈರ್ಯ ಸಾಲ್ಲಿಲ್ಲ."

"ಈಗ ಕೇಳು. ಈಗ ಎಚ್ಚರ ಇದೀನಿ."

ಕಿವಿಯಲ್ಲಿ ಮೆಲ್ಲನೆಯ ಸುಯ್ಲು. ಬೇರೆ ಯಾರೇ ಆಗಿದ್ದರೂ ಅದನ್ನು ಅಜ್ಜಿಯ ಉಸಿರೆಂದು ನಂಬುತ್ತಿದ್ದರು. ಅದು ತನ್ನ ಫೋನು ತನ್ನನ್ನು ಸಂತೈಸಲು ತಾನೇ ಮಾಡಿಕೊಂಡ ಸದ್ದು ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಅದಕ್ಕೆ ಕಿವಿಗೊಟ್ಟು ಕೂತಳು.

"ಸಾಯೋದಕ್ಕೆ ಹೆದ್ರಿಕೆ ಇಲ್ಲ," ಎಂದಳು ಅಜ್ಜಿ ಕೊನೆಗೆ. "ಬದುಕೋದಕ್ಕೇ. ನೀವೆಲ್ಲ ಸುತ್ತ ಕೂತು ಮಾತಾಡ್ತಿರ್ತೀರಿ, ನಾನು ಗೊಂಬೆ ಥರ ನೋಡ್ತಿರ್ಬೇಕು. ಕಥೆ ಹೇಳೋಕಾಗದಿದ್ರೆ ಹೋಗ್ಲಿ, ಹೇಳಿದ್ದು ಸಾಕು. ಹೂಂ ಅನ್ನೋಕೂ ಆಗಲ್ವಂತಲ್ಲ? ಹೂಂ ಅನ್ನದೋರಿಗೆ ಯಾರೇ ಕಥೆ ಹೇಳ್ತಾರೆ? ನಾನೇ ಹೇಳ್ತಿರ್ಲಿಲ್ಲ."

ಅವಳ ಬಾಯಿಗೆ ಸಮಾಧಾನದ ಮಾತುಗಳು ಸಾಲುಗಟ್ಟಿ ಬಂದವು. ಹಾಗೆಲ್ಲ ಏನಿಲ್ಲ ಅಜ್ಜಿ, ಎಲ್ಲ ಸರಿಹೋಗುತ್ತೆ, ನಾವಿಲ್ವಾ. ಒಂದನ್ನೂ ಮುಂದೆ ಬಿಡಲಿಲ್ಲ. ಎದುರಿನ ಸತ್ತ ರೂಟರಿನ ಕಪ್ಪು ಕಿಂಡಿಗಳನ್ನು ನೋಡುತ್ತ ಕೂತವಳಿಗೆ ತಟ್ಟನೆ, ಕೆಲಸದ ಮನಸ್ಸಿನಿಂದಲೇ, ಒಂದು ಹೊಳೆಯಿತು.

"ಅಜ್ಜಿ, ಫೋನಿನ ಮೇಲೆ ಬೆರಳಿಂದ ಒಂದ್ಸಲ ತಟ್ಟು."

"ಯಾಕೇ?"

"ತಟ್ಟು ಅಂದೆ."

ಸುಯ್ಲು ಹಾಗೆಯೇ ಇತ್ತು. "ತಟ್ಟಿದ್ಯಾ?"

"ತಟ್ಟಿದ್ನಲ್ಲೇ. ಕೇಳ್ಲಿಲ್ವಾ?"

"ಇಲ್ಲ. ಇನ್ನೊಂದ್ಸಲ, ಜೋರಾಗಿ." ಈ ಸಲವೂ ಇಲ್ಲ. ಎಲ್ಲಿ ಸೋರುತ್ತಿದೆ ಎಂದು ಅವಳಿಗೆ ತಿಳಿಯಿತು. ಬೆರಳಿನ ಮೆತ್ತನೆಯ ಸದ್ದನ್ನು ಯಂತ್ರ ಮಾತೆಂದು ಬಗೆಯುತ್ತಿಲ್ಲ, ಹಿನ್ನೆಲೆಯ ಗದ್ದಲವೆಂದು ಗುಡಿಸಿ ಹಾಕುತ್ತಿದೆ. "ಅಲ್ಲಿ ಲೋಟ ಇದ್ಯಾ? ಸ್ಟೀಲಿಂದು? ಚಮಚ ತಗೋ. ಫೋನನ್ನ ದಿಂಬಿನ ಮೇಲೆ ಬೇಡ, ಪಕ್ಕದ ಮೇಜಿನ ಮೇಲಿಡು, ಲೋಟದ ಹತ್ರ. ಹಾಂ. ಈಗ ಹೊಡಿ."

ಏನೋ ಉರುಳಿದ ಸದ್ದು, ದೂರದಿಂದ ಅತ್ತೆಯ "ಏನಮ್ಮಾ ಮಾಡ್ತಿದೀಯಾ, ನೀರು ಚೆಲ್ಲುತ್ತೆ!" ಎಂಬ ಗದರಿಕೆ. ಆಮೇಲೆ, ಸುಯ್ಲನ್ನು ಸೀಳಿಕೊಂಡು,

ಟಣ್.

ಅವಳ ಮೈ ಜುಮ್ಮೆಂದಿತು. "ಬಂತು," ಎಂದಳು. "ಅಜ್ಜಿ, ಬಂತು. ಇನ್ನೊಂದ್ಸಲ."

ಟಣ್.

"ಇದೇ ನಿನ್ನ ಹೂಂ. ಕಥೆ ನಾನು ಹೇಳ್ತೀನಿ. ನೀನು ಹೊಡೀತಿರ್ಬೇಕು. ಹೊಡೀದಿದ್ರೆ ಅಲ್ಲೇ ನಿಲ್ಲಿಸ್ತೀನಿ, ಗೊತ್ತಾಯ್ತಾ? ಕುದುರೆ ಕಾಲು ಎತ್ತಿದಂಗೇ ಇರುತ್ತೆ."

ಹಾಗೆಂದ ಮೇಲೆ ಅವಳಿಗೆ ತನ್ನೊಳಗಿನ ಆ ಇನ್ನೊಂದು ಮುಖ ನೆನಪಾಯಿತು. ಅದು ಎಲ್ಲಿಗೂ ಹೋಗಿರಲಿಲ್ಲ. ಅಜ್ಜಿಯ ಧ್ವನಿ ನಾಳೆಯಿಂದ ಲ್ಯಾಬಿನ ತಂತಿಗಳಲ್ಲಿ ಮಾತ್ರ ಇರುತ್ತದೆ, ಏಳು ಬಾಗಿಲು ದಾಟುತ್ತಲೇ ಇರುತ್ತದೆ. ಇದು ಲೋಟದ ಸದ್ದು, ಅಷ್ಟೇ, ಧ್ವನಿಯಲ್ಲ. ಅದಕ್ಕೆ ಐದಕ್ಕೆ ಎಷ್ಟು ಕೊಡುತ್ತಾರೆ? ಸೊನ್ನೆ. ಅಂಕ ಕೊಡುವ ಯಂತ್ರ ಅದನ್ನು ಮಾತೆಂದೇ ಒಪ್ಪಲಾರದು.

"ನಂಗೆ ನಿನ್ನ ಧ್ವನಿ ಬೇಕಿತ್ತು ಅಜ್ಜಿ," ಎಂದಳು. ಹೇಳಬೇಕೆಂದುಕೊಂಡು ಹೇಳಿದ್ದಲ್ಲ. "ಅದಕ್ಕೇ ಹೂಂ ಅಂದ್ನೋ ಏನೋ."

"ನಂಗೂ ಬೇಕಿತ್ತು ಕಣೇ," ಎಂದಳು ಅಜ್ಜಿ. ಅದು ಅವಳನ್ನು ಕ್ಷಮಿಸಲು ಅಂದದ್ದಾಗಿರಲಿಲ್ಲ. ಇಬ್ಬರೂ ಒಂದೇ ಅಂಗಡಿಯ ಮುಂದೆ ನಿಂತು ಬರಿಗೈಯಲ್ಲಿ ಹಿಂತಿರುಗಿದವರಂತೆ ಅಂದದ್ದು. ಆಮೇಲೆ ಆ ಕಡೆ ಬಾಗಿಲು ತೆರೆದ ಸದ್ದು, ಹಲವು ಹೆಜ್ಜೆಗಳು, ಗಂಡಸಿನ ಧ್ವನಿಯೊಂದು. ಡಾಕ್ಟರು ಬಂದಿದ್ದರು. ಅತ್ತೆ ಏನೋ ಹೇಳತೊಡಗಿದಳು. ಅವಳ ಮಾತನ್ನು ತಡೆದು ಅಜ್ಜಿ, ಉಳಿದದ್ದನ್ನೆಲ್ಲ ಒಟ್ಟುಗೂಡಿಸಿ, ಕೋಣೆಯಲ್ಲಿದ್ದವರಿಗೆಲ್ಲ ಕೇಳುವಂತೆ ಅಂದಳು.

"ಆಗ್ಲಿ ಅಂತ ಹೇಳು ಅವ್ರಿಗೆ. ನಾಳೆ ಮಾಡ್ಲಿ. ಹೂಂ. ಇದು ಎಚ್ಚರದ್ದು."

ಅತ್ತೆ ಅತ್ತಳೋ ನಕ್ಕಳೋ ತಿಳಿಯಲಿಲ್ಲ, ಆ ಚೂರು ದಾರಿಯಲ್ಲೇ ಬಿದ್ದುಹೋಯಿತು. ಹೆಜ್ಜೆಗಳು ಹೊರಟುಹೋದ ಮೇಲೆ ಒಣ ಎಲೆ ಮತ್ತೆ ಹತ್ತಿರ ಬಂತು. "ಎಲ್ಲಿ, ಶುರು ಮಾಡು. ನೋಡೋಣ ನಿಂಗೆ ಬರುತ್ತಾ ಅಂತ. ನಾನಿನ್ನು ಮಾತಾಡಲ್ಲ."

ಇಳಿಬಿಸಿಲು ಗವಾಕ್ಷಿಯಿಂದ ಜಾರಿ ಪೆಟ್ಟಿಗೆಗಳ ಮೇಲಿನ ಸಾಲಿಗೆ ಮಾತ್ರ ಉಳಿದಿತ್ತು. ಗೋಡೆಯ ಆಚೆ ಸಂತೆಯವನು ಅವಳಿಗಾಗಿ ಕೂಗುತ್ತಿದ್ದ, ಮತ್ತೆ ಬಿಡ್ಲಾ ಎಂದು.

"ಏಳು ಬಾಗ್ಲು ದಾಟಿ ಬಂದ್ಲು ಹುಡುಗಿ," ಎಂದಳು.

ಟಣ್.

"ಎಂಟನೇ ಬಾಗ್ಲಲ್ಲಿ ಒಬ್ಬಳು ಮುದುಕಿ ಕೂತಿದ್ಲು. ತಲೇನೂ ಎತ್ತಲಿಲ್ಲ."

ಟಣ್.

"ಯಾರೇ ನೀನು, ಅಂದ್ಲು."

ಟಣ್.

ಅಲ್ಲಿಂದ ಮುಂದೆ ಯಾರೂ ಹೋಗಿರಲಿಲ್ಲ. ಅಜ್ಜಿ ಹೋಗಿರಲಿಲ್ಲ, ಯಂತ್ರ ಹೋಗಿರಲಿಲ್ಲ. ಅವಳು ಬಾಯಿ ತೆರೆದು ಕೂತಳು. ಬಾಗಿಲು, ಮುದುಕಿ, ಪ್ರಶ್ನೆ ಕೇಳಿಸಿಕೊಂಡು ನಿಂತ ಹುಡುಗಿ, ಅವಳ ಹಿಂದೆ ಕತ್ತಲು. ಕಾಲು ಎತ್ತಿದಂತೆಯೇ ಇತ್ತು. ಸುಯ್ಲು ಬೆಳೆಯಿತು. ತಾನೀಗ ಮೊದಲಿನಿಂದ ಶುರು ಮಾಡಿಬಿಡುತ್ತೇನೇನೋ ಎಂದು ಅವಳಿಗೆ ಹೆದರಿಕೆಯಾಯಿತು. ಆಗ ಆ ತುದಿಯಿಂದ, ತಾಳ್ಮೆಗೆಟ್ಟು, ಬಾಲ ಎತ್ತಿಕೊಂಡು ಬಂತು.

ಟಣ್?

"ಆಮೇಲೆ," ಎಂದಳು ಅವಳು.